ಗೋಡೆಗೆ ಗೋಡೆ, ಬಾಗಿಲಿಗೆ ಓಣಿ: ಕುಸನೂರಿನ ಸಾಲುಮನೆಯಲ್ಲಿ ಹಸನಾಗಿ ಬಾಳುವುದು ಹೇಗೆ?

ಕಲಬುರಗಿಯಲ್ಲಿ ಸ್ವಂತ ಮನೆ ಮಾಡಿಕೊಳ್ಳಬೇಕೆನ್ನುವ ಮಧ್ಯಮ ವರ್ಗದ ಕುಟುಂಬಕ್ಕೆ ಇವತ್ತು ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಊರಿನಿಂದ ಏಳೆಂಟು ಕಿಲೋಮೀಟರ್ ಆಚೆ, ಹೊಲ ಒಡೆದು ಮಾಡಿದ ಬಡಾವಣೆಯಲ್ಲಿ ದೊಡ್ಡ ಪ್ಲಾಟು ಹಿಡಿದು ನಾಲ್ಕೂ ಕಡೆ ಜಾಗ ಬಿಟ್ಟು ಮನೆ ಕಟ್ಟಿಸುವುದು ಒಂದು. ಊರಿಗೆ ಹೊಂದಿಕೊಂಡ ಕುಸನೂರಿನಂಥ ಕಡೆ, ಅದೇ ದುಡ್ಡಿಗೆ ಸಿಗುವ ಚಿಕ್ಕ ಪ್ಲಾಟಿನಲ್ಲಿ, ಪಕ್ಕದವರ ಗೋಡೆಗೆ ಗೋಡೆ ಹಚ್ಚಿ ನಿಂತ ಎರಡಂತಸ್ತಿನ ಮನೆಗೆ ಹೋಗುವುದು ಇನ್ನೊಂದು. ದಲ್ಲಾಳಿಗಳು ಇದನ್ನು ರೋ ಹೌಸ್ ಎಂದೋ ಡ್ಯೂಪ್ಲೆಕ್ಸ್ ಎಂದೋ ಕರೆಯುತ್ತಾರೆ. ಈ ಎರಡನೆಯ ದಾರಿ ಹಿಡಿದವರಲ್ಲಿ ಬಹಳಷ್ಟು ಮಂದಿ ಕೀಲಿಕೈ ಕೈಗೆ ಬಂದ ಕೂಡಲೇ ಹಣವನ್ನೆಲ್ಲ ಮನೆಯೊಳಕ್ಕೆ ಸುರಿಯುತ್ತಾರೆ. ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಅಡುಗೆಮನೆ, ಗ್ರಾನೈಟ್ ಮೆಟ್ಟಿಲು ಎಲ್ಲ ಬರುತ್ತವೆ. ಎರಡನೆಯ ಬೇಸಿಗೆಯ ಹೊತ್ತಿಗೆ ಮೇಲಿನ ಕೋಣೆ ಕಾದ ಹಂಚಾಗಿರುತ್ತದೆ, ನಡುಗೋಡೆಯಲ್ಲಿ ತೇವ ಏರಿರುತ್ತದೆ, ಹಾಲು ತರಲೂ ಸ್ಕೂಟರ್ ಹೊರಡಿಸಬೇಕಾಗಿರುತ್ತದೆ. ಸಾಲುಮನೆಯ ಸುಖದುಃಖವನ್ನು ನಿರ್ಧರಿಸುವುದು ಅದರ ಒಳಕೋಣೆಗಳಲ್ಲ. ಮಾಳಿಗೆ, ನಡುಗೋಡೆ, ಓಣಿ ಎಂಬ ಮೂರು ಗಡಿಗಳು. ಮೊದಲ ರೂಪಾಯಿ ಈ ಮೂರಕ್ಕೆ ಹೋಗಬೇಕು, ಒಳಾಂಗಣದ ಸರದಿ ಆಮೇಲೆ ಬರಬೇಕು ಎಂಬುದು ಈ ಲೇಖನದ ವಾದ.

ಗೋಡೆಗೆ ಗೋಡೆ ಹಚ್ಚಿ ಕಟ್ಟುವುದು ಕಲಬುರಗಿಗೆ ಹೊಸದಲ್ಲ. ಬ್ರಹ್ಮಪುರ, ಶಹಾಬಜಾರ, ಮಕ್ತಂಪುರದಂಥ ಹಳೆಯ ಭಾಗಗಳ ಗಲ್ಲಿಗಳಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡೇ ನಿಂತಿವೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದದ ಫರಸಿ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಬಾಗಿಲ ಮುಂದೆ ಕಟ್ಟೆ ಇವು ಆ ಕಟ್ಟಡಗಳ ಲಕ್ಷಣ. ಅದರ ಹಿಂದೆ ಬಿಸಿಲಿನ ಲೆಕ್ಕವಿದೆ. ಮುಂದೆ ಹಿಂದೆ ಬಿಡುವ ಜಾಗವನ್ನು ಸದ್ಯಕ್ಕೆ ಬದಿಗಿಟ್ಟು, 20 ಅಡಿ ಅಗಲ, 30 ಅಡಿ ಉದ್ದದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅದರ ಸುತ್ತಳತೆ 100 ಅಡಿ. ಉದ್ದದ ಎರಡು ಗೋಡೆಗಳಿಗೆ ಪಕ್ಕದ ಮನೆಗಳು ಆತುಕೊಂಡರೆ 60 ಅಡಿ ಗೋಡೆಗೆ ಬಿಸಿಲೇ ತಾಗುವುದಿಲ್ಲ. ಬಯಲಿಗೆ ತೆರೆದಿರುವುದು 40 ಅಡಿ ಮಾತ್ರ. ಅದೇ ಮನೆ ಬಯಲಿನಲ್ಲಿ ಒಂಟಿಯಾಗಿ ನಿಂತರೆ ನೂರಕ್ಕೆ ನೂರು ಅಡಿಯೂ ಕಾಯುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 42-43 ಡಿಗ್ರಿ ಮುಟ್ಟುವ ಊರಿನಲ್ಲಿ ಇದು ದೊಡ್ಡ ಲಾಭ. ಆದರೆ ಹಳೆಯ ಗಲ್ಲಿಯ ಮನೆಯಿಂದ ನಾವು ಆತುಕೊಂಡ ಗೋಡೆಯನ್ನಷ್ಟೇ ತಂದು, ದಪ್ಪ ಮಾಳಿಗೆ, ಅಂಗಳ, ಕಟ್ಟೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ಹೊಸ ಸಾಲುಮನೆಗಳ ಬಹುಪಾಲು ತೊಂದರೆ ಹುಟ್ಟುವುದು ಇಲ್ಲಿಂದ.

ಕೊಳ್ಳುವ ಮುನ್ನ ನಡೆದು ನೋಡಿ

ಚಿಕ್ಕ ಪ್ಲಾಟಿಗೆ ಹೆಚ್ಚು ದರ ಕೊಡುವುದಕ್ಕೆ ಒಂದೇ ಸಮರ್ಥನೆ ಇದೆ: ದಿನದ ಕೆಲಸಗಳು ಕಾಲ್ನಡಿಗೆಯಲ್ಲಿ ಮುಗಿಯಬೇಕು. ಅದು ಆಗದಿದ್ದರೆ ಕಡಿಮೆ ಜಾಗ, ಹೆಚ್ಚು ಓಡಾಟ ಎರಡರ ನಷ್ಟವೂ ನಿಮ್ಮ ಪಾಲಿಗೆ. ಹಾಗಾಗಿ ಮನೆ ನೋಡುವ ಮುನ್ನ ಓಣಿ ನೋಡಿ. ಆರೋಗ್ಯವಂತರು ತಾಸಿಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾರೆ, ಅಂದರೆ ಐದು ನಿಮಿಷಕ್ಕೆ 400 ಮೀಟರ್. ಮೊಣಕಾಲು ನೋವಿನ ಹಿರಿಯರು ಅದೇ ಐದು ನಿಮಿಷದಲ್ಲಿ 250 ಮೀಟರ್ ದಾಟುವುದೂ ಕಷ್ಟ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಅಳತೆಯನ್ನೇ ಹಿಡಿಯಿರಿ. ಹಾಲು, ಕಿರಾಣಿ, ತರಕಾರಿ ಗಾಡಿ, ಜೋಳ ಬೀಸುವ ಗಿರಣಿ, ಇಸ್ತ್ರಿ ಅಂಗಡಿ, ಔಷಧಿ ಅಂಗಡಿ, ರೇಷನ್ ಅಂಗಡಿ, ಅಂಗನವಾಡಿ ಅಥವಾ ಶಾಲೆ, ಬಸ್ ನಿಲ್ದಾಣ ಇವುಗಳಲ್ಲಿ ಎಷ್ಟು ಆ ಅಳತೆಯೊಳಗೆ ಬರುತ್ತವೆ ಎಂದು ನಡೆದೇ ಎಣಿಸಿ. ಮೊಬೈಲಿನ ನಕ್ಷೆ ಚರಂಡಿಯನ್ನೂ ಬೀದಿನಾಯಿಯನ್ನೂ ತೋರಿಸುವುದಿಲ್ಲ. ಕುಸನೂರಿನವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಾರದ ಸಂತೆಗೆ, ಬಟ್ಟೆಬರೆಗೆ ಸೂಪರ್ ಮಾರ್ಕೆಟ್ಟಿಗೋ ಕಣ್ಣಿ ಮಾರ್ಕೆಟ್ಟಿಗೋ ಹೋಗಲೇಬೇಕು, ಅದು ನಡೆದು ಮುಗಿಯುವ ದೂರವಲ್ಲ. ದಿನಕ್ಕೆ ಬೇಕಾದದ್ದು ಕಾಲಳತೆಯಲ್ಲಿ, ವಾರಕ್ಕೆ ಬೇಕಾದದ್ದು ಒಂದೇ ಬಸ್ಸಿನಲ್ಲಿ ಸಿಗುವಂತಿದ್ದರೆ ಸಾಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣಕ್ಕೆ ಖರ್ಚಿಲ್ಲ. ಹಾಗಾಗಿ ಬಸ್ ನಿಲ್ದಾಣ 300 ಮೀಟರ್ ದೂರವೋ ಒಂದೂವರೆ ಕಿಲೋಮೀಟರ್ ದೂರವೋ ಎಂಬುದು ಮನೆಯ ತಿಂಗಳ ಖರ್ಚಿನಲ್ಲಿ ನೇರವಾಗಿ ಕಾಣುತ್ತದೆ.

ಕಲಬುರಗಿಯ ಬಿಸಿಲಿನಲ್ಲಿ ನಡೆಯುವ ಮಾತೇ ಹಾಸ್ಯ ಎಂದು ಯಾರಾದರೂ ನಕ್ಕರೆ ಅವರನ್ನು ತಪ್ಪೆನ್ನಲಾಗದು. ಆದರೆ ಈ ಸೀಮೆಯ ಬದುಕು ಬಿಸಿಲಿಗೆ ತಕ್ಕಂತೆ ತನ್ನ ಹೊತ್ತನ್ನು ಮೊದಲಿನಿಂದಲೂ ಹೊಂದಿಸಿಕೊಂಡಿದೆ. ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರವೇ ಈ ಭಾಗದ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ದಿನದ ನಡಿಗೆಗಳಲ್ಲಿ ಹೆಚ್ಚಿನವು ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಆರರ ಮೇಲೆ ಬರುತ್ತವೆ. ಬೇಸಿಗೆ ಬಿಟ್ಟರೆ ಉಳಿದ ಎಂಟೊಂಬತ್ತು ತಿಂಗಳು ಹಗಲಿನ ನಡಿಗೆಯೂ ಅಸಾಧ್ಯವೇನಲ್ಲ. ಹಾಗಾದರೆ ನಡಿಗೆಗೆ ಅಡ್ಡಿಯಾಗುವುದು ಬಿಸಿಲೊಂದೇ ಅಲ್ಲ. ನೆರಳಿಲ್ಲದ ರಸ್ತೆ, ಸಂಜೆ ದೀಪವಿಲ್ಲದ ತಿರುವು, ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತುವ ಎರೆಮಣ್ಣು. ಈ ಮೂರೂ ಸರಿಪಡಿಸಲು ಬರುವಂಥವು. ಆದ್ದರಿಂದ ಓಣಿಯ ಪರೀಕ್ಷೆಯನ್ನು ಮೂರು ಹೊತ್ತು ಮಾಡಿ: ಬೆಳಗ್ಗೆ ಶಾಲೆಯ ಗಡಿಬಿಡಿಯಲ್ಲಿ, ನಡುಮಧ್ಯಾಹ್ನ, ರಾತ್ರಿ ಎಂಟರ ಸುಮಾರಿಗೆ. ಸಾಧ್ಯವಾದರೆ ಒಂದು ಜೋರು ಮಳೆ ಬಂದ ಮರುದಿನವೂ ಹೋಗಿ. ಎರೆಭೂಮಿಯ ಬಡಾವಣೆ ಕೊಳ್ಳುವವರಿಗೆ ಆ ದಿನ ತಿಳಿಯುವಷ್ಟು ಸತ್ಯ ಬೇರೆ ಯಾವತ್ತೂ ತಿಳಿಯುವುದಿಲ್ಲ.

ಕಾಗದಪತ್ರಗಳಲ್ಲಿಯೂ ಸಾಲುಮನೆಗೇ ವಿಶೇಷವಾದ ಪ್ರಶ್ನೆಗಳಿವೆ. ಜಮೀನು ಎನ್‌ಎ (ಕೃಷಿಯೇತರ) ಆಗಿದೆಯೇ, ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ, ಇ-ಖಾತೆ ಆಗಿದೆಯೇ, ಋಣಭಾರ ಪತ್ರ ಸ್ವಚ್ಛವಾಗಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಸಾಲುಮನೆ ಕೊಳ್ಳುವವರು ಇನ್ನೂ ಮೂರು ವಿಷಯ ಕೇಳಬೇಕು. ಪಕ್ಕದಲ್ಲಿ ಸೆಟ್‌ಬ್ಯಾಕ್ ಬಿಡದೆ ಗೋಡೆ ಹಚ್ಚಲು ಅನುಮೋದಿತ ಕಟ್ಟಡ ನಕ್ಷೆಯಲ್ಲಿ ಒಪ್ಪಿಗೆ ಇದೆಯೇ ಎಂಬುದು ಮೊದಲನೆಯದು. ಒಪ್ಪಿಗೆ ಇಲ್ಲದೆ ಎಳೆದ ಗೋಡೆ ಮುಂದೆ ಸಾಲ ತೆಗೆಯುವಾಗಲೋ ಮಾರುವಾಗಲೋ ಎದುರು ನಿಲ್ಲುತ್ತದೆ. ನಡುಗೋಡೆ ಇಬ್ಬರಿಗೂ ಸೇರಿದ ಒಂದೇ ಗೋಡೆಯೋ ಅಥವಾ ಒಂದಕ್ಕೊಂದು ಆತುಕೊಂಡ ಎರಡು ಗೋಡೆಗಳೋ, ಮತ್ತು ಆ ಮಾತು ಕ್ರಯಪತ್ರದಲ್ಲಿ ಬರೆದಿದೆಯೇ ಎಂಬುದು ಎರಡನೆಯದು. ಬಡಾವಣೆಯ ರಸ್ತೆ, ಉದ್ಯಾನ, ಬೀದಿದೀಪಗಳು ಪ್ರಾಧಿಕಾರಕ್ಕೋ ಪಾಲಿಕೆಗೋ ಹಸ್ತಾಂತರವಾಗಿವೆಯೇ ಎಂಬುದು ಮೂರನೆಯದು. ಹಸ್ತಾಂತರವಾಗದ ಬಡಾವಣೆಯಲ್ಲಿ ಸುಟ್ಟ ಬಲ್ಬು ಬದಲಿಸುವವರು ಯಾರೆಂದು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ, ಓಣಿಯನ್ನು ನೆಚ್ಚಿ ಬಂದವರಿಗೆ ಓಣಿಯೇ ದಕ್ಕುವುದಿಲ್ಲ. ಒಟ್ಟು ಜಾಗ 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯಾದರೆ ರೇರಾ ನೋಂದಣಿಯನ್ನೂ ಕೇಳಿ.

ಮೊದಲ ಗಡಿ: ಮಾಳಿಗೆ

ಇಬ್ಬದಿಯ ಗೋಡೆಗಳು ಬಿಸಿಲಿನಿಂದ ಪಾರಾದ ಮೇಲೆ ಸೂರ್ಯನಿಗೆ ಉಳಿಯುವ ಮುಖ್ಯ ದಾರಿ ಮಾಳಿಗೆ. ಕಲಬುರಗಿ ಇರುವುದು 17 ಡಿಗ್ರಿಗಿಂತ ತುಸು ಮೇಲಿನ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ದಕ್ಷಿಣದ ಗೋಡೆಗೆ ಮಧ್ಯಾಹ್ನದ ಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ, ಎಲ್ಲವೂ ಸ್ಲ್ಯಾಬಿನ ಮೇಲೆಯೇ. ಹಗಲೆಲ್ಲ ಕಾದ ನಾಲ್ಕೈದು ಇಂಚಿನ ಕಾಂಕ್ರೀಟು ರಾತ್ರಿ ಹನ್ನೊಂದರವರೆಗೂ ಆ ಶಾಖವನ್ನು ಕೆಳಗಿನ ಕೋಣೆಗೆ ಇಳಿಸುತ್ತದೆ. ಫಾಲ್ಸ್ ಸೀಲಿಂಗ್ ಅದನ್ನು ಸ್ವಲ್ಪ ತಡೆದರೂ ಸ್ಲ್ಯಾಬು ಕಾಯುವುದನ್ನು ತಪ್ಪಿಸದು. ತಡೆಯಬೇಕಾದದ್ದು ಹೊರಗೆ. ಎಲ್ಲಕ್ಕಿಂತ ಅಗ್ಗದ ಉಪಾಯ ಬಿಳುಪು: ಪ್ರತಿ ವರ್ಷ ಯುಗಾದಿಯ ಮುಂಚೆ ಸುಣ್ಣ ಬಳಿಸುವುದು, ಅಥವಾ ಒಮ್ಮೆ ಖರ್ಚು ಮಾಡಿ ಬಿಳಿ ಚೈನಾ ಮೊಸಾಯಿಕ್ ಹಾಸುವುದು. ಬಿಳಿಯ ಮೇಲ್ಮೈ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ಕಳಿಸುತ್ತದೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ನೆರಳು. ತಗಡು ಹೊದಿಸುವುದಾದರೆ ಸ್ಲ್ಯಾಬಿಗೂ ತಗಡಿಗೂ ನಡುವೆ ಗಾಳಿ ಆಡುವಷ್ಟು ಎತ್ತರ ಬಿಡಬೇಕು. ಬಿಳುಪು ಬಳಿಯುವ ಮೊದಲು ಬಿರುಕುಗಳನ್ನು ಮುಚ್ಚಿಸಿ, ನೀರು ಹರಿಯುವ ಇಳಿಜಾರನ್ನು ಗೌಂಡಿಯ ಕೈಯಲ್ಲಿ ಸರಿ ಮಾಡಿಸಿ. ಈ ಕೆಲಸ ರೋಹಿಣಿ ಮಳೆಗೆ ಮುಂಚೆಯೇ ಮುಗಿದಿರಬೇಕು.

ಇದನ್ನೆಲ್ಲ ಮಾಡುವ ಬದಲು ಒಂದು ಎಸಿ ಹಾಕಿದರೆ ಆಗದೇ ಎಂಬ ಪ್ರಶ್ನೆಗೆ ಕರೆಂಟ್ ಬಿಲ್ಲೇ ಉತ್ತರ. ಒಂದೂವರೆ ಟನ್ನಿನ ಸಾಧಾರಣ ಎಸಿ ತಾಸಿಗೆ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ; ರಾತ್ರಿ ಐದು ತಾಸು ನಡೆಸಿದರೆ ತಿಂಗಳಿಗೆ 225 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ 200 ಯೂನಿಟ್ ಒಳಗೆ ಬಳಸುವವರಿಗೆ ಮಾತ್ರ. ಆ ಗೆರೆ ದಾಟಿದ ತಿಂಗಳು ಜೆಸ್ಕಾಂಗೆ ಪೂರ್ತಿ ಬಿಲ್ ಕಟ್ಟಬೇಕು. ಎಸಿ ಇಟ್ಟುಕೊಂಡವರಿಗೂ ಬಿಳಿ ಮಾಳಿಗೆಯಿಂದ ಅದು ಓಡುವ ತಾಸು ಕಡಿಮೆಯಾಗುತ್ತದೆ. ಇಲ್ಲಿನ ಬೇಸಿಗೆ ಒಣಬೇಸಿಗೆ, ಆದ್ದರಿಂದ ನೀರಿನ ಕೂಲರ್ ಕರಾವಳಿಯಲ್ಲಿ ಸೋತಂತೆ ಇಲ್ಲಿ ಸೋಲುವುದಿಲ್ಲ. ಆದರೆ ಸಾಲುಮನೆಯಲ್ಲಿ ಅದನ್ನು ಕೋಣೆಯ ಮೂಲೆಯಲ್ಲಿಟ್ಟರೆ ಸೆಕೆ ಹೆಚ್ಚುತ್ತದೆಯೇ ಹೊರತು ತಂಪಾಗದು. ಹಿಂಬದಿಯ ಕಿಟಕಿಗೆ ಹೊರಗಿನಿಂದ ಕೂಲರ್ ಕೂರಿಸಿ ಮುಂಬದಿಯ ಕಿಟಕಿ ತೆರೆದಿಡಿ. ಗಾಳಿ ಮನೆಯುದ್ದ ಹಾದು ಹೋಗಬೇಕು. ಮಾಳಿಗೆಯಲ್ಲಿ ಜಾಗವಿದ್ದರೆ ಸೌರಫಲಕ ಎರಡು ಕೆಲಸ ಮಾಡುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ, ಕೆಳಗಿನ ಸ್ಲ್ಯಾಬಿಗೆ ನೆರಳೂ ಸಿಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ವರ್ಷವಿಡೀ 200 ಯೂನಿಟ್ ಒಳಗೇ ಇರುವ ಮನೆಗೆ ಇದರ ತುರ್ತಿಲ್ಲ. ಬೇಸಿಗೆಯಲ್ಲಿ ಗೆರೆ ದಾಟುವವರು ಲೆಕ್ಕ ಹಾಕಿ ನೋಡಬಹುದು.

ಮಾಳಿಗೆಯ ಮೂರನೆಯ ಉಪಯೋಗ ನೀರು. 600 ಚದರ ಅಡಿ ಅಂದರೆ ಸುಮಾರು 56 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 56 ಲೀಟರ್. ವರ್ಷದ ಮಳೆ 700 ಮಿಲಿಮೀಟರ್ ಎಂದು ಹಿಡಿದು, ಐದರಲ್ಲಿ ಒಂದು ಪಾಲು ಹಾಳಾದರೂ 30,000 ಲೀಟರಿಗಿಂತ ಹೆಚ್ಚು ನೀರು ನಿಮ್ಮ ಸ್ಲ್ಯಾಬಿನ ಮೇಲೇ ಬೀಳುತ್ತದೆ. ಅಷ್ಟನ್ನೂ ತುಂಬಿಡಲು ಚಿಕ್ಕ ಪ್ಲಾಟಿನಲ್ಲಿ ಜಾಗವಿಲ್ಲ ನಿಜ, ಆದರೆ ಮೊದಲ ಮಳೆಯ ಕೊಳೆ ಹೊರಕ್ಕೆ ಬಿಟ್ಟು ಉಳಿದದ್ದನ್ನು ಜರಡಿ ಹಾಯಿಸಿ ಸಂಪಿಗೆ ಇಳಿಸಿದರೆ ಬಳಕೆಯ ನೀರಿಗೆ ಆಗುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪೈಪಿನಿಂದ ನೇರ ಕೆಳಗೆ ಸುರಿದ ಮಾಳಿಗೆಯ ನೀರು ಅಡಿಪಾಯದ ಬುಡದಲ್ಲೇ ಇಂಗುತ್ತದೆ. ಎರೆಭೂಮಿಯಲ್ಲಿ ಅದು ಮನೆಗೇ ಕುತ್ತು.

ಎರಡನೆಯ ಗಡಿ: ನಡುಗೋಡೆ

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಬೇಸಿಗೆಯ ಬಿರುಕುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮನೆಯ ಒಂದು ಬದಿ ತೇವವಾಗಿ ಇನ್ನೊಂದು ಬದಿ ಒಣಗಿದ್ದರೆ ಅಡಿಪಾಯ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ. ಸಾಲುಮನೆಯಲ್ಲಿ ಈ ಅಪಾಯ ಇಬ್ಬರದು. ಪಕ್ಕದವರ ಸಂಪು ಸೋರಿದರೆ ನಿಮ್ಮ ಗೋಡೆ ಬಿಡುತ್ತದೆ, ನಿಮ್ಮ ಬಚ್ಚಲ ಪೈಪು ಸೋರಿದರೆ ಅವರದು. ಹಾಗಾಗಿ ಅಡಿಪಾಯ ಎರೆಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಿದೆಯೇ, ಇಲ್ಲವಾದರೆ ಎಂಜಿನಿಯರ್ ಏನು ಉಪಾಯ ಮಾಡಿದ್ದಾರೆ ಎಂದು ಕೊಳ್ಳುವಾಗಲೇ ಕೇಳಿ. ಮುಂದೆ ಹಿಂದೆ ಗೋಡೆಯ ಬುಡದಿಂದ ಮೂರು ಅಡಿಯಾದರೂ ಫರಸಿಯನ್ನೋ ಕಾಂಕ್ರೀಟನ್ನೋ ಹೊರಕ್ಕೆ ಇಳಿಜಾರಾಗಿ ಹಾಸಿ. ಎರಡು ಗೋಡೆಗಳ ನಡುವೆ ಎರಡು ಮೂರು ಇಂಚಿನ ಸಂದು ಉಳಿದಿದ್ದರೆ ಮೇಲಿನಿಂದ ಅದನ್ನು ಇಬ್ಬರೂ ಸೇರಿ ಮುಚ್ಚಿಸಿ. ಆ ಸಂದಿನಲ್ಲಿ ಇಳಿದ ಮಳೆನೀರು ಯಾರ ಕಣ್ಣಿಗೂ ಕಾಣದೆ ಎರಡು ಮನೆಯನ್ನೂ ತಿನ್ನುತ್ತದೆ. ನಡುಗೋಡೆಯೊಳಗೆ ನೀರಿನ ಪೈಪು ಹಾಯಿಸಲೇಬೇಡಿ.

ಸಾಲುಮನೆ ಬೇಡ ಎನ್ನುವವರು ಮೊದಲು ಹೇಳುವ ಕಾರಣ ಸದ್ದು. ಪಕ್ಕದ ಮನೆಯ ಟಿವಿ, ಮಿಕ್ಸಿ, ಜಗಳ ಎಲ್ಲ ನಮ್ಮ ಮನೆಯಲ್ಲೇ ನಡೆದಂತೆ ಕೇಳುತ್ತವೆ ಎಂಬುದು ಅವರ ದೂರು. ಇದು ಸಾಲುಮನೆಯ ದೋಷ ಎನ್ನುವುದಕ್ಕಿಂತ ತೆಳು ಗೋಡೆಯ ದೋಷ. ಗೋಡೆ ಎಷ್ಟು ಭಾರವೋ ಸದ್ದಿಗೆ ಅಷ್ಟು ತಡೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೂ ಎರಡೂ ಕಡೆ ಗಿಲಾವು ಮಾಡಿದ ಒಂಬತ್ತು ಇಂಚಿನ ಗೋಡೆಗೂ ಕಿವಿಗೆ ಸ್ಪಷ್ಟ ವ್ಯತ್ಯಾಸ ತಿಳಿಯುತ್ತದೆ. ಕಟ್ಟಿಸುವವರಾದರೆ ನಡುಗೋಡೆ ಒಂಬತ್ತು ಇಂಚಿಗಿಂತ ಕಡಿಮೆ ಆಗಲು ಬಿಡಬೇಡಿ. ಕಟ್ಟಿದ ಮನೆ ಕೊಂಡವರು ಸಣ್ಣ ತೂತುಗಳನ್ನು ಹುಡುಕಬೇಕು: ಎರಡೂ ಮನೆಯ ಸ್ವಿಚ್ ಬೋರ್ಡುಗಳು ಬೆನ್ನಿಗೆ ಬೆನ್ನು ಕೊಟ್ಟ ಜಾಗ, ಗಿಲಾವು ಮುಟ್ಟದ ಸ್ಲ್ಯಾಬಿನ ಅಂಚು, ಸೆಂಟ್ರಿಂಗ್ ತೆಗೆದ ಮೇಲೆ ತುಂಬದೆ ಬಿಟ್ಟ ರಂಧ್ರ. ಅವುಗಳನ್ನು ಮುಚ್ಚಿ, ಗೋಡೆಯುದ್ದಕ್ಕೆ ಬಟ್ಟೆಯ ಅಲಮಾರು ಅಥವಾ ಪುಸ್ತಕದ ಕಪಾಟು ನಿಲ್ಲಿಸಿ. ಮಿಕ್ಸಿ, ವಾಷಿಂಗ್ ಮೆಷಿನ್, ನೀರಿನ ಮೋಟಾರು ನಡುಗೋಡೆಗೆ ತಾಗದಿರಲಿ. ನಡುಗೋಡೆಗೆ ಮೊಳೆ ಹೊಡೆಯುವ ಹೊತ್ತು, ರಿಪೇರಿಯ ಖರ್ಚಿನ ಪಾಲು, ಮೇಲಂತಸ್ತು ಏರಿಸುವಾಗ ಮೊದಲೇ ತಿಳಿಸುವ ಮಾತು ಇವನ್ನು ಸಂಬಂಧ ಚೆನ್ನಾಗಿರುವಾಗಲೇ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳುವುದು ಜಾಣತನ. ಮನಸ್ತಾಪ ಬಂದ ಮೇಲೆ ಆ ಕಾಗದ ಹುಟ್ಟುವುದಿಲ್ಲ.

ಬೆಳಕಿನ ಪ್ರಶ್ನೆಯೂ ನಡುಗೋಡೆಗೆ ಸೇರಿದ್ದೇ. ಪಕ್ಕದ ಪ್ಲಾಟು ಖಾಲಿ ಬಿದ್ದಿದೆ ಎಂದು ಆ ಕಡೆಗೆ ಕಿಟಕಿ ಇಡುವುದು ಬಡಾವಣೆಗಳಲ್ಲಿ ಎದ್ದು ಕಾಣುವ ತಪ್ಪು. 1882ರ ಇಂಡಿಯನ್ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ ಬೆಳಕು-ಗಾಳಿಯ ಹಕ್ಕು ಹುಟ್ಟಲು ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಅದನ್ನು ಅನುಭವಿಸಿರಬೇಕು. ಅಷ್ಟರೊಳಗೆ ಪಕ್ಕದವರು ಗೋಡೆ ಎಬ್ಬಿಸಿದರೆ ನಿಮ್ಮ ಕಿಟಕಿ ಕುರುಡಾಗುತ್ತದೆ. ಬೆಳಕು ಮುಂದಿನಿಂದ, ಹಿಂದಿನಿಂದ, ಮೇಲಿನಿಂದ ಬರಬೇಕು. ಹಳೆಯ ಮನೆಗಳ ಅಂಗಳವನ್ನು ಪೂರ್ತಿ ತರಲಾಗದಿದ್ದರೂ ಮನೆಯ ನಡುವೆ ಐದಾರು ಅಡಿ ಚೌಕದ ಒಂದು ಬೆಳಕಿಂಡಿಯನ್ನು ಮೆಟ್ಟಿಲ ಪಕ್ಕ ಮಾಳಿಗೆಯವರೆಗೆ ಬಿಡಬಹುದು. ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ, ಓಣಿಯ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಮೇಲೆ ಜಾಲರಿ, ಮಳೆಗೆ ಮುಚ್ಚಳ ಇದ್ದರೆ ಸಾಕು. ಇನ್ನು ದಿಕ್ಕಿನ ವಿಷಯ. ಬೇಸಿಗೆಯಲ್ಲಿ ಕಾಡುವುದು ಪೂರ್ವ-ಪಶ್ಚಿಮದ ಇಳಿಬಿಸಿಲು. ಹಾಗಾಗಿ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದ ಸಾಲು ಉತ್ತಮ. ಆಗ ಪೂರ್ವ-ಪಶ್ಚಿಮದ ಗೋಡೆಗಳನ್ನು ನೆರೆಮನೆಗಳೇ ಮರೆ ಮಾಡುತ್ತವೆ. ವಾಸ್ತುವಿನಂತೆ ಪೂರ್ವದ ಬಾಗಿಲೇ ಬೇಕು ಎನ್ನುವವರಿಗೆ ವಾಸ್ತು ಉತ್ತರದ ಬಾಗಿಲನ್ನೂ ಒಪ್ಪುತ್ತದೆ ಎಂಬುದನ್ನು ನೆನಪಿಸಬಹುದು. ಪೂರ್ವದ ಮನೆಯನ್ನೇ ಹಿಡಿದರೆ ಪಶ್ಚಿಮದ ತುದಿಯಲ್ಲಿ ಮಲಗುವ ಕೋಣೆ ಇಡದೆ ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ ಇಡಿ. ಅಲ್ಲಿ ಛಜ್ಜೆಯಿಂದ ಪ್ರಯೋಜನ ಕಡಿಮೆ, ನಿಲುವು ಜಾಲಿ ಅಥವಾ ಲಾವಂಚದ ತಟ್ಟಿ ಬೇಕು.

ಮೂರನೆಯ ಗಡಿ: ಓಣಿ

ಚಿಕ್ಕ ಪ್ಲಾಟನ್ನು ಹೆಚ್ಚು ಕುಗ್ಗಿಸುವುದು ಕಾರು. ಒಂದು ಕಾರು ನಿಲ್ಲಲು, ಬಾಗಿಲು ತೆರೆಯಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಅಂದರೆ ಸುಮಾರು 135 ಚದರ ಅಡಿ ಬೇಕು. 30-40ರ ಪ್ಲಾಟಿನಲ್ಲಿ ಅದು ಒಂಬತ್ತರಲ್ಲಿ ಒಂದು ಪಾಲು. 20-30ರಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು. ದುಡ್ಡು ಕೊಟ್ಟು ಕೊಂಡ ನೆಲದ ಐದನೇ ಒಂದು ಪಾಲು ದಿನದ ಬಹುಹೊತ್ತು ಸುಮ್ಮನೆ ನಿಲ್ಲುವ ವಸ್ತುವಿಗೆ ಹೋಗುತ್ತದೆ. ಕಾರು ಬೇಡವೇ ಬೇಡ ಎನ್ನುವುದು ಇಲ್ಲಿನ ವಾದವಲ್ಲ. ಆಸ್ಪತ್ರೆಗೆ, ಊರಿಗೆ, ಮದುವೆಗೆ ಅದು ಬೇಕಾಗುತ್ತದೆ. ಆದರೆ ನಡೆಯಲು ಬರುವ ಓಣಿಯಲ್ಲಿ ಎರಡನೆಯ ವಾಹನದ ಅಗತ್ಯ ಬೀಳುವುದು ಕಡಿಮೆ. ದೂರದ ದೊಡ್ಡ ಪ್ಲಾಟಿಗೆ ಹೋದವರು ಜಾಗದಲ್ಲಿ ಉಳಿಸಿದ್ದನ್ನು ಗಂಡನಿಗೊಂದು ಹೆಂಡತಿಗೊಂದು ಗಾಡಿ, ಮಕ್ಕಳಿಗೆ ಶಾಲೆಯ ವ್ಯಾನು, ಅಪ್ಪ-ಅಮ್ಮನಿಗೆ ಆಟೊ ಎಂದು ತಿಂಗಳು ತಿಂಗಳು ತೆರುತ್ತಾರೆ. ಎರಡು ಮನೆಗಳ ಬೆಲೆ ಹೋಲಿಸುವಾಗ ಹತ್ತು ವರ್ಷದ ಈ ಓಡಾಟದ ಖರ್ಚನ್ನೂ ಕೂಡಿಸಿ ನೋಡಿದರೆ ಯಾವುದು ನಿಜಕ್ಕೂ ಅಗ್ಗ ಎಂಬುದು ತಿಳಿಯುತ್ತದೆ.

ಓಣಿಯನ್ನು ನಡೆಯಲಾಗದಂತೆ ಮಾಡುವವರಲ್ಲಿ ಮನೆ ಮಾಲೀಕರ ಪಾಲೂ ಸಣ್ಣದಲ್ಲ. ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ನಾವು ಮಾಡುವುದೇನು? ಪ್ಲಿಂತ್ ಎತ್ತರಿಸುತ್ತೇವೆ, ಕಾರು ಹತ್ತಿಸಲು ರ‍್ಯಾಂಪನ್ನು ರಸ್ತೆಗೇ ಇಳಿಸುತ್ತೇವೆ, ಅದರ ಪಕ್ಕ ಹೂಕುಂಡಗಳಿಗೆ ಬೇಲಿ ಹಾಕುತ್ತೇವೆ. 20 ಅಡಿ ಮುಖದ ಮನೆಗೆ 10 ಅಡಿ ಅಗಲದ ರ‍್ಯಾಂಪು ಬಂದರೆ ಸಾಲಿನ ಅರ್ಧ ಉದ್ದ ನಡೆಯಲು ಬಾರದ ಏರಿಳಿತ. ಅಜ್ಜಿ ಡಾಂಬರಿಗೆ ಇಳಿಯುತ್ತಾಳೆ, ಹಿಂದಿನಿಂದ ಬೈಕು ಬರುತ್ತದೆ. ಆದ್ದರಿಂದ ರ‍್ಯಾಂಪು ಕಾಂಪೌಂಡಿನ ಒಳಗಿರಲಿ. ಮುಂದಿನ ಪಟ್ಟಿಗೆ ಒರಟು ಮುಖದ ಶಹಾಬಾದ ಫರಸಿಯನ್ನು ಮರಳು-ಜಲ್ಲಿಯ ಹಾಸಿನ ಮೇಲೆ ಕೂರಿಸಿ. ನಯ ಮಾಡಿದ ಫರಸಿ ಮಳೆಯಲ್ಲಿ ಜಾರುತ್ತದೆ, ನೇರ ಎರೆಮಣ್ಣಿನ ಮೇಲಿಟ್ಟದ್ದು ಒಂದೇ ವರ್ಷದಲ್ಲಿ ಎದ್ದು ಕೂರುತ್ತದೆ. ಎರಡು ಮನೆಗಳಿಗೆ ಒಂದರಂತೆ ಬೇವನ್ನೋ ಹೊಂಗೆಯನ್ನೋ ರಸ್ತೆಯ ಅಂಚಿನಲ್ಲಿ, ಗೋಡೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ನೆಡಿ. ಗೋಡೆಗೆ ಹತ್ತಿರದ ದೊಡ್ಡ ಮರ ಅಡಿಪಾಯದ ಕೆಳಗಿನ ತೇವವನ್ನು ಹೀರಿ ಎರೆಮಣ್ಣನ್ನು ಕುಗ್ಗಿಸುತ್ತದೆ. ಆಲ, ಅರಳಿ ಚರಂಡಿಯನ್ನೇ ಸೀಳುತ್ತವೆ. ಮನೆಯ ಮುಂದೆ ಬೆಚ್ಚನೆಯ ಬಣ್ಣದ ಒಂದು ಸಣ್ಣ ಎಲ್‌ಇಡಿ ದೀಪ ರಾತ್ರಿಯಿಡೀ ಉರಿದರೂ ತಿಂಗಳಿಗೆ ಮೂರು ನಾಲ್ಕು ಯೂನಿಟ್ ದಾಟದು. ಸಾಲಿನ ಹತ್ತು ಮನೆಯವರು ಹಾಗೆ ಮಾಡಿದರೆ ಹೆಣ್ಣುಮಕ್ಕಳು ಎಂಟು ಗಂಟೆಗೂ ನಿಶ್ಚಿಂತೆಯಿಂದ ಗಿರಣಿಗೆ ಹೋಗಿ ಬರಬಹುದು.

ಬಾಗಿಲ ಮುಂದಿನ ಕಟ್ಟೆಯನ್ನು ಮರಳಿ ತರಬೇಕು ಎಂದರೆ ಏಕಾಂತಕ್ಕೆ ಭಂಗ ಎಂಬ ಆಕ್ಷೇಪ ಬರುತ್ತದೆ. ಎತ್ತರದ ಕಾಂಪೌಂಡು, ತಗಡು ಮುಚ್ಚಿದ ಗೇಟು ಸುರಕ್ಷಿತ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ನಗರಚಿಂತಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಾದಿಸಿದ್ದು ಇದಕ್ಕೆ ವಿರುದ್ಧ: ಬೀದಿಯನ್ನು ಕಾಯುವುದು ಗೋಡೆಗಳಲ್ಲ, ಬೀದಿಯ ಕಡೆ ನೋಡುವ ಮನೆಗಳು ಮತ್ತು ಅಂಗಡಿಗಳು. ನಮ್ಮ ಹಳೆಯ ಓಣಿಗಳಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರು ಈ ಕೆಲಸವನ್ನು ಯಾವ ಪುಸ್ತಕ ಓದದೆಯೂ ಮಾಡುತ್ತ ಬಂದಿದ್ದಾರೆ. ಎತ್ತರದ ಗೋಡೆ ಹಾರಿ ಒಳಗಿಳಿದ ಕಳ್ಳನಿಗೆ ಆ ಗೋಡೆಯೇ ಮರೆ. ಏಕಾಂತ ಬೇಕಾದದ್ದು ಒಳಗೆ, ಅದಕ್ಕೆ ಬಾಗಿಲಿನಿಂದ ನೇರ ಒಳಮನೆ ಕಾಣದಂತೆ ಒಂದು ಅಡ್ಡಗೋಡೆ, ಮೇಲಂತಸ್ತಿನ ಕಿಟಕಿಗೆ ಜಾಲಿ ಸಾಕು. ಕಾಂಪೌಂಡು ಎದೆಮಟ್ಟ ಮೀರದಿರಲಿ, ಗೇಟಿನ ಸರಳುಗಳ ನಡುವಿನಿಂದ ಓಣಿ ಕಾಣಲಿ. ಎರಡು ಅಡಿ ಅಗಲದ ಕಟ್ಟೆಗೆ ಜಾಗ ನಿಮ್ಮ ಪ್ಲಾಟಿನೊಳಗಿಂದಲೇ ಬರಬೇಕು, ರಸ್ತೆಯಿಂದಲ್ಲ.

ರಸ್ತೆ, ದೀಪ, ಚರಂಡಿ ಪಾಲಿಕೆಯ ಕೆಲಸ, ತೆರಿಗೆ ಕಟ್ಟುವ ನಾವೇಕೆ ಮತ್ತೆ ಖರ್ಚು ಮಾಡಬೇಕು ಎಂಬುದು ಕೊನೆಯ, ಎಲ್ಲಕ್ಕಿಂತ ತೂಕದ ಆಕ್ಷೇಪ. ಅದು ನ್ಯಾಯವಾದದ್ದು. ಆದರೆ ಮೇಲೆ ಹೇಳಿದವುಗಳಲ್ಲಿ ಪಾಲಿಕೆ ಬಂದು ಮಾಡಬೇಕಾದದ್ದು ಎಷ್ಟು? ರ‍್ಯಾಂಪು ಒಳಗೆ ತೆಗೆದುಕೊಳ್ಳುವುದು, ಓಣಿ ಕಾಣುವಂಥ ಗೇಟು ಇಡುವುದು, ಗಿಡಕ್ಕೆ ಎರಡು ಬೇಸಿಗೆ ನೀರುಣಿಸುವುದು ಯಾವ ಕಚೇರಿಯ ಟೆಂಡರಿಗೂ ಬರುವ ಕೆಲಸಗಳಲ್ಲ. ಚರಂಡಿ, ಬೀದಿದೀಪ, ಕುಡಿಯುವ ನೀರು, ಕಸ ಇವು ಪಾಲಿಕೆಯವೇ, ಕೇಳಿ ಪಡೆಯಬೇಕು. ಒಬ್ಬೊಬ್ಬರೇ ಕೇಳಿದರೆ ಅದು ದೂರು, ಬಡಾವಣೆ ಸೇರಿ ಕೇಳಿದರೆ ಬೇಡಿಕೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನಿವಾಸಿಗಳ ಸಂಘ ನೋಂದಾಯಿಸಿ, ಎಲ್ಲಿ ದೀಪವಿಲ್ಲ, ಎಲ್ಲಿ ಚರಂಡಿ ಕಟ್ಟಿದೆ ಎಂಬ ಪಟ್ಟಿಯನ್ನು ಕಂಬದ ಸಂಖ್ಯೆ ಸಮೇತ ಬರೆದು ಕೊಡಿ. ನೀರಿನ ವಿಷಯದಲ್ಲಿ ಹೀಗೆ ವಿಚಾರಿಸುವುದಕ್ಕೆ ಆಧಾರವೂ ಇದೆ. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆಗೆ ಕಲಬುರಗಿಯ ಕೆಲವು ಭಾಗಗಳಲ್ಲಿಯೂ ಇಪ್ಪತ್ನಾಲ್ಕು ತಾಸು ನೀರಿನ ಪ್ರಯೋಗ ನಡೆದು, ಮುಂದೆ ಅದನ್ನು ಇಡೀ ನಗರಗಳಿಗೆ ಹಬ್ಬಿಸುವ ಯೋಜನೆ ಬಂತು. ನಿಮ್ಮ ಓಣಿ ಆ ಕೊಳವೆ ಜಾಲದೊಳಗೆ ಬರುತ್ತದೆಯೇ, ಬಂದರೆ ಯಾವಾಗ ಎಂದು ಲಿಖಿತ ಉತ್ತರ ಕೇಳಬಹುದು.

ಎಲ್ಲರಿಗೂ ಸಾಲುಮನೆಯೇ ಸರಿ ಎನ್ನಲಾಗದು. ದನಕರು ಇಟ್ಟುಕೊಳ್ಳುವವರು, ಗೋದಾಮಿನಂಥ ಜಾಗ ಬೇಕಾದ ವ್ಯಾಪಾರಿಗಳು, ಮೆಟ್ಟಿಲು ಹತ್ತಲಾಗದವರೇ ಹೆಚ್ಚಿರುವ ಕುಟುಂಬ ಬೇರೆ ದಾರಿ ನೋಡುವುದು ಒಳ್ಳೆಯದು. ಕೊಳ್ಳುವುದಾದರೆ ಕೆಳಗಿನ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಬಚ್ಚಲು ಇರುವುದನ್ನೇ ಆರಿಸಿ. ಇವತ್ತು ಮೆಟ್ಟಿಲು ಓಡುವವರಿಗೂ ನಾಳೆ ವಯಸ್ಸಾಗುತ್ತದೆ. ಉಳಿದವರಿಗೆ ಖರ್ಚಿನ ಕ್ರಮ ಹೀಗಿರಲಿ. ಮೊದಲ ವರ್ಷ ಮಾಳಿಗೆಯ ಇಳಿಜಾರು, ಬಿಳುಪು, ಗೋಡೆಯ ಬುಡದ ಫರಸಿ, ನಡುಗೋಡೆಯ ಕಾಗದ. ಎರಡನೆಯ ವರ್ಷ ರ‍್ಯಾಂಪು, ಗಿಡ, ಬಾಗಿಲ ದೀಪ, ನಿವಾಸಿಗಳ ಸಂಘ. ಮೂರನೆಯ ವರ್ಷದಿಂದ ನಿಮಗಿಷ್ಟವಾದ ಒಳಾಂಗಣ. ಈ ಕ್ರಮವನ್ನು ತಿರುಗಿಸಿದರೆ ಆಗುವ ನಷ್ಟ ದುಪ್ಪಟ್ಟು. ತೇವ ಏರಿದ ಗೋಡೆಯ ಮೇಲೆ ಹಚ್ಚಿದ ಬಣ್ಣವನ್ನು ಮತ್ತೆ ಕೆರೆಯಬೇಕು, ಸೋರುವ ಸ್ಲ್ಯಾಬಿನ ಕೆಳಗೆ ಕೂರಿಸಿದ ಸೀಲಿಂಗನ್ನು ಮತ್ತೆ ಬಿಚ್ಚಬೇಕು. ಇದಕ್ಕೂ ಮಿಗಿಲಾದ ಲೆಕ್ಕ ಒಂದಿದೆ. ನಾಳೆ ಈ ಮನೆ ಮಾರುವ ಹೊತ್ತಿಗೆ ಒಳಗಿನ ಅಡುಗೆಮನೆ ಹಳತಾಗಿರುತ್ತದೆ, ಕೊಳ್ಳುವವರು ಅದನ್ನು ಕಿತ್ತು ಬೇರೆ ಹಾಕಿಸುತ್ತಾರೆ. ಬೆಳೆದ ಬೇವು, ಒಣಗಿದ ಗೋಡೆ, ಅಡ್ಡಿಯಿಲ್ಲದೆ ನಡೆಯಬಹುದಾದ ಓಣಿ ಇವಕ್ಕೆ ಮಾತ್ರ ಅವರು ಹೆಚ್ಚಿನ ಬೆಲೆ ಕೊಡುತ್ತಾರೆ. ಅಲ್ಲಿಯವರೆಗೆ ಅವುಗಳ ಸುಖ ಉಣ್ಣುವವರು ನೀವೇ.